ವಾರ್ಷಿಕ ಸಭೆಗೆ ಮುಂಚೆ: ಯಾವ ಕೆಲಸ ಮೊದಲು, ಬಾಡಿಗೆ ಮನೆಗಳ ತಕರಾರಿಗೆ ದಾರಿ ಏನು?

ಬಿ ಬ್ಲಾಕ್ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್. 96 ಮನೆ, ಎರಡು ಬ್ಲಾಕ್, ನಾಲ್ಕು ಲಿಫ್ಟ್, ಕಟ್ಟಡಕ್ಕೆ 11 ವರ್ಷ. 41 ಮನೆ ಬಾಡಿಗೆಗೆ ಇವೆ, 3 ಮನೆ ಭೋಗ್ಯಕ್ಕೆ. ಮೇಂಟೆನೆನ್ಸ್ ಮನೆಗೆ ತಿಂಗಳಿಗೆ ಸುಮಾರು 4,200 ರೂ. ಬ್ಯಾಂಕ್ ಠೇವಣಿ 22 ಲಕ್ಷ. ಮುಂದಿನ ತಿಂಗಳು ವಾರ್ಷಿಕ ಸಭೆ. ಪಟ್ಟಿಯಲ್ಲಿ ಹೊರಗಿನ ಪೇಂಟಿಂಗ್, ಟೆರೇಸ್ ವಾಟರ್‌ಪ್ರೂಫಿಂಗ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ರಿಪೇರಿ, ಲಿಫ್ಟ್, ಜಿಮ್, ಇವಿ ಚಾರ್ಜಿಂಗ್ ಇವೆ. ಎಲ್ಲಕ್ಕೂ ದುಡ್ಡು ಸಾಲದು.

ಬಾಡಿಗೆ ಮನೆಗಳದ್ದು ಮೂರು ತಕರಾರು:
1. ಒಂದು ಮನೆಯಿಂದ 14 ತಿಂಗಳ ಮೇಂಟೆನೆನ್ಸ್ ಬಾಕಿ. ಬಾಡಿಗೆಯ ಜೊತೆಗೇ ಮಾಲೀಕರಿಗೆ ಕೊಟ್ಟಿದ್ದೇನೆ ಅನ್ನುತ್ತಾರೆ ಬಾಡಿಗೆದಾರರು. ನೀರು ನಿಲ್ಲಿಸಿ ಅನ್ನುವವರು ಕಮಿಟಿಯಲ್ಲೇ ಇದ್ದಾರೆ.
2. 503ರ ಬಾತ್‌ರೂಮಿನಿಂದ 403ರ ಸೀಲಿಂಗ್‌ಗೆ ತೇವ. ಮೇಲಿನದು ಬಾಡಿಗೆ ಮನೆ. ಮಾಲೀಕರು ಹೊರದೇಶದಲ್ಲಿ ಇದ್ದಾರೆ.
3. ಬ್ಯಾಚುಲರ್‌ಗಳಿಗೆ ಮನೆ ಕೊಡಬಾರದು, ಬಾಡಿಗೆ ಮನೆಗಳಿಂದ ತಿಂಗಳಿಗೆ 1,000 ರೂ. ಹೆಚ್ಚಿಗೆ ತೆಗೆದುಕೊಳ್ಳಬೇಕು ಅಂತ ನಿರ್ಣಯ ತರುವ ಒತ್ತಾಯ.

ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ ಖಜಾಂಚಿ

ಆರು ಕೆಲಸಗಳನ್ನೂ ಒಂದೇ ಮತಪತ್ರಕ್ಕೆ ಹಾಕಬೇಡಿ. ಹಾಕಿದರೆ ಜಿಮ್ ಗೆಲ್ಲುತ್ತದೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಫೈರ್ ಪಂಪ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಮೂರು ಗುಂಪು ಮಾಡಿ. ಪ್ರಾಣಕ್ಕೆ, ಕಾನೂನಿಗೆ ಸಂಬಂಧಿಸಿದ್ದು ಒಂದು: ಫೈರ್ ಪಂಪ್, ಲಿಫ್ಟ್ ಸುರಕ್ಷತೆ, ಅರ್ಥಿಂಗ್, ಎಸ್‌ಟಿಪಿ. ಇವಕ್ಕೆ ಮತ ಬೇಡ, ಕಮಿಟಿ ವರದಿ ಇಟ್ಟು ಬಜೆಟ್‌ಗೆ ಒಪ್ಪಿಗೆ ಪಡೆದರೆ ಸಾಕು. ಬಿಟ್ಟಷ್ಟೂ ಖರ್ಚು ಬೆಳೆಯುವಂಥದ್ದು ಎರಡನೆಯದು: ಟೆರೇಸ್, ಬೇಸ್‌ಮೆಂಟ್ ಸೋರಿಕೆ, ಹೊರಗೋಡೆಯ ಬಿರುಕು. ಇಲ್ಲಿ ಯಾವ ವರ್ಷ ಅನ್ನುವುದಷ್ಟೇ ಚರ್ಚೆ. ಅನುಕೂಲದ ಕೆಲಸಗಳು ಮೂರನೆಯದು: ಜಿಮ್, ಇವಿ, ಲ್ಯಾಂಡ್‌ಸ್ಕೇಪ್. ಮತ ಬೇಕಾದದ್ದು ಇಲ್ಲಿ. ಮತಪತ್ರದಲ್ಲಿ ಪ್ರತಿ ಕೆಲಸದ ಮುಂದೆ ಮನೆಗೆ ಎಷ್ಟು ಬೀಳುತ್ತದೆ ಅಂತ ಬರೆಯಿರಿ. "ಜಿಮ್ ಬೇಕೇ?" ಅಂತ ಕೇಳಿದರೆ ಎಲ್ಲರೂ ಬೇಕು ಅನ್ನುತ್ತಾರೆ. "ಮನೆಗೆ 9,400 ರೂ. ಕೊಟ್ಟು ಜಿಮ್ ಬೇಕೇ?" ಅಂತ ಕೇಳಿದಾಗ ಬರುವ ಉತ್ತರವೇ ಬೇರೆ.

ಪೇಂಟಿಂಗ್ ಮತ್ತು ವಾಟರ್‌ಪ್ರೂಫಿಂಗ್ ಎರಡೂ ಪಟ್ಟಿಯಲ್ಲಿದ್ದರೆ ವಾಟರ್‌ಪ್ರೂಫಿಂಗ್ ಮೊದಲು ಆಗಲೇಬೇಕು. ಪ್ಯಾರಾಪೆಟ್ ಬುಡದಿಂದ ನೀರು ಇಳಿಯುತ್ತಿರುವ ಗೋಡೆಗೆ ಬಣ್ಣ ಬಳಿದರೆ ಒಂದೇ ಮಳೆಗಾಲಕ್ಕೆ ಉಬ್ಬಿ ಉದುರುತ್ತದೆ. ಬೆಂಗಳೂರಿನಲ್ಲಿ ಎರಡಕ್ಕೂ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಹಿಂಗಾರಿಗೆ ಸಿಕ್ಕಿಕೊಳ್ಳುತ್ತೀರಿ.

ಈಗ ಸಿಂಕಿಂಗ್ ಫಂಡ್, ಅಂದರೆ ಮುಂದೆ ಬರುವ ದೊಡ್ಡ ಖರ್ಚಿಗೆ ತಿಂಗಳು ತಿಂಗಳು ಕೂಡಿಡುವ ಹಣ. ಅಂದಾಜಿಗೆ ಒಂದು ಲೆಕ್ಕ ಹಾಕುತ್ತೇನೆ, ನಿಮ್ಮ ಕೊಟೇಶನ್ ಬಂದಾಗ ಅಂಕಿ ಬದಲಿಸಿ. ಪೇಂಟಿಂಗ್ 18 ಲಕ್ಷ, 6 ವರ್ಷಕ್ಕೊಮ್ಮೆ: ಮನೆಗೆ ತಿಂಗಳಿಗೆ 260 ರೂ. ನಾಲ್ಕು ಲಿಫ್ಟಿನ ರೋಪ್, ಡ್ರೈವ್, ಕಂಟ್ರೋಲರ್ ಸೇರಿ 24 ಲಕ್ಷ, 12 ವರ್ಷಕ್ಕೆ: 174 ರೂ. ಟೆರೇಸ್ 8 ಲಕ್ಷ, 8 ವರ್ಷಕ್ಕೆ: 87 ರೂ. ಒಟ್ಟು 521 ರೂ. ಬೆಲೆ ಏರಿಕೆ ಇದರಲ್ಲಿ ಸೇರಿಲ್ಲ, ಠೇವಣಿಯ ಬಡ್ಡಿಯಿಂದ ಅದು ಸ್ವಲ್ಪ ಸರಿದೂಗುತ್ತದೆ. ಈ 521 ಕಟ್ಟದ ಅಪಾರ್ಟ್‌ಮೆಂಟ್‌ನಲ್ಲಿ ಆರು ವರ್ಷಕ್ಕೊಮ್ಮೆ "ಮನೆಗೆ 19,000 ತನ್ನಿ" ಅನ್ನುವ ನೋಟಿಸ್ ಬರುತ್ತದೆ, ಜಗಳ ಶುರುವಾಗುತ್ತದೆ. ಆ ಹೊತ್ತಿಗೆ ಮನೆ ಮಾರಿ ಹೋದವರು ಆರು ವರ್ಷದ ಸವಕಳಿಯನ್ನು ಹೊಸಬರ ತಲೆಗೆ ಹಾಕಿ ಹೋಗಿರುತ್ತಾರೆ. ಅದು ಅನ್ಯಾಯ.

ಎಸ್‌ಟಿಪಿ ಕೆಲಸದವರು

ರಿಪೇರಿ ಕೊಟೇಶನ್ ತೆಗೆದುಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ, ಅರ್ಧ ಗಂಟೆಯ ಕೆಲಸ. ಕೊಳಚೆಗೆ ಗಾಳಿ ಊದುವ ಏರೇಷನ್ ಟ್ಯಾಂಕಿನಿಂದ, ಬ್ಲೋವರ್ (ಗಾಳಿ ಊದುವ ಯಂತ್ರ) ಓಡುತ್ತಿರುವಾಗಲೇ, ಒಂದು ಲೀಟರ್ ಅಳತೆ ಜಾಡಿಗೆ ನೀರು ತುಂಬಿ. ಅಲುಗಿಸದೆ 30 ನಿಮಿಷ ಬಿಡಿ. ಚಾಕೊಲೇಟ್ ಬಣ್ಣದ ಕೆಸರು 300ರಿಂದ 400 ಎಂ.ಎಲ್. ಗೆರೆವರೆಗೆ ಕೂತು ಮೇಲೆ ತಿಳಿನೀರು ನಿಂತರೆ ಕೊಳಚೆ ಕರಗಿಸುವ ಜೀವಾಣು ಚೆನ್ನಾಗಿವೆ, ಬೇಕಿರುವುದು ಸಣ್ಣ ರಿಪೇರಿ. ತಳದಲ್ಲಿ 50–100 ಎಂ.ಎಲ್. ಮಾತ್ರ ಇದ್ದರೆ ಕೆಸರೇ ಸಾಲದು. 700 ದಾಟಿದರೆ ಹೆಚ್ಚಾದ ಕೆಸರನ್ನು (ಸ್ಲಡ್ಜ್) ಹೊರಗೆ ತೆಗೆಯದೆ ಬಹಳ ದಿನ ಆಗಿದೆ, ಅಥವಾ ಕೆಸರು ಕೂರುವ ಗುಣವನ್ನೇ ಕಳೆದುಕೊಂಡಿದೆ. ಕಪ್ಪು ಬಣ್ಣ, ಕೊಳೆತ ಮೊಟ್ಟೆ ವಾಸನೆ ಇದ್ದರೆ ಗಾಳಿ ಸಾಲುತ್ತಿಲ್ಲ: ಗಾಳಿಯ ಗುಳ್ಳೆ ಬಿಡುವ ಡಿಫ್ಯೂಸರ್ ಕಟ್ಟಿದೆ, ಇಲ್ಲವೇ ರಾತ್ರಿ ಬ್ಲೋವರ್ ಆರಿಸುತ್ತಿದ್ದಾರೆ.

ಹೆಚ್ಚಿನ ಕಡೆ ಕಾರಣ ಇದೇ ಕೊನೆಯದು. ಕರೆಂಟ್ ಬಿಲ್ ಉಳಿಸಲು ರಾತ್ರಿ ಎಂಟು ಗಂಟೆ ಬ್ಲೋವರ್ ಬಂದ್. 5 ಎಚ್‌ಪಿ ಬ್ಲೋವರ್‌ಗೆ ಅದು 30 ಯೂನಿಟ್, ದಿನಕ್ಕೆ ಸುಮಾರು 240 ರೂ. ಉಳಿತಾಯ. ಶುದ್ಧೀಕರಿಸಿದ ನೀರು ನಾರುತ್ತದೆ, ಫ್ಲಶ್ ಲೈನಿಗೆ ಬೋರ್‌ವೆಲ್ ನೀರು ತಿರುಗಿಸುತ್ತಾರೆ. ಮನೆಗೆ ನಾಲ್ಕು ಜನ, ತಲೆಗೆ 45 ಲೀಟರ್ ಫ್ಲಶ್ ಅಂತಿಟ್ಟರೆ 96 ಮನೆಗೆ ದಿನಕ್ಕೆ 17,280 ಲೀಟರ್. ಬೇಸಿಗೆಯಲ್ಲಿ ಅದು 6,000 ಲೀಟರಿನ ಮೂರು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಕಟ್ಟಿದ ದರ, 5 ಕಿ.ಮೀ. ಒಳಗೆ ಒಂದಕ್ಕೆ 600 ರೂ., ಅದನ್ನೇ ಹಿಡಿದರೂ ದಿನಕ್ಕೆ 1,800. 240 ಉಳಿಸಲು 1,800 ಸುರಿಯುವುದು ಅಂದರೆ ಇದೇ. ಸಭೆಯಲ್ಲಿ ಈ ಲೆಕ್ಕ ಇಡಿ.

ಲಿಫ್ಟ್ ಮತ್ತು ಫೈರ್

ಚುಟುಕಾಗಿ ಎರಡು. ಫೈರ್ ಪಂಪ್ ಪ್ಯಾನೆಲ್ಲಿನ ಸ್ವಿಚ್ "ಆಟೋ"ದಲ್ಲಿದೆಯಾ ಇವತ್ತೇ ನೋಡಿ. ಪೈಪಿನಲ್ಲಿ ಎಲ್ಲೋ ಸೋರಿ ಜಾಕಿ ಪಂಪ್ (ಪೈಪಿನ ಒತ್ತಡ ಕಾಯುವ ಸಣ್ಣ ಪಂಪ್) ಪದೇ ಪದೇ ಓಡುತ್ತಿದ್ದರೆ, ಸದ್ದಿಗೆ ಬೇಸತ್ತು "ಮ್ಯಾನುಯಲ್"ಗೆ ತಿರುಗಿಸಿಬಿಟ್ಟಿರುತ್ತಾರೆ. ಆಮೇಲೆ ಬೆಂಕಿ ಬಿದ್ದರೂ ಪಂಪ್ ತಾನಾಗಿ ಓಡುವುದಿಲ್ಲ. ಮೇಲಿನ ಮಹಡಿಯ ಹೈಡ್ರಂಟ್ ತೆರೆದು ಒತ್ತಡ ನೋಡಿ, 3.5 ಬಾರ್ ಬರಬೇಕು.

ಲಿಫ್ಟಿಗೆ 2012ರ ಕರ್ನಾಟಕದ ಲಿಫ್ಟ್ ಕಾಯ್ದೆಯ ಪ್ರಕಾರ ಪರವಾನಗಿ ಬೇಕು, ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ ಆಗಬೇಕು. ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ. ಎಎಂಸಿ (ವಾರ್ಷಿಕ ನಿರ್ವಹಣೆ) ಒಪ್ಪಂದದಲ್ಲಿ ಬ್ಯಾಟರಿ, ರೋಪ್, ಡ್ರೈವ್ ಸೇರಿವೆಯಾ ಓದಿ ನೋಡಿ. ಎಷ್ಟೋ ಒಪ್ಪಂದಗಳಲ್ಲಿ "ಕಾಂಪ್ರೆಹೆನ್ಸಿವ್" (ಎಲ್ಲವೂ ಸೇರಿದೆ) ಅಂತ ಮೇಲೆ ಬರೆದು ಕೆಳಗೆ ಈ ಮೂರನ್ನೇ ಹೊರಗಿಟ್ಟಿರುತ್ತಾರೆ.

ವಕೀಲರು, ಮಲ್ಲೇಶ್ವರ

ಕಾರ್ಯದರ್ಶಿಗಳೇ, ನಿಮ್ಮ ಸಂಘ ಯಾವ ಕಾಯ್ದೆಯಡಿ ಇದೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ) ನೋಂದಣಿ ಆಗಿದ್ದರೆ ನಾನು ಮುಂದೆ ಹೇಳುವುದು ಅನ್ವಯಿಸುತ್ತದೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಮಾತ್ರ ಇದ್ದರೆ ಸಂಘದ ಸ್ವಂತ ನಿಯಮಾವಳಿ, ಅಂದರೆ ಬೈಲಾವೇ ಆಧಾರ.

ಬಾಕಿ ವಿಷಯ. ಮೇಂಟೆನೆನ್ಸ್ ಕೊಡಬೇಕಾದವರು ಮಾಲೀಕರು. ಬಾಡಿಗೆದಾರರು ಅವರಿಗೆ ಕೊಟ್ಟರೋ ಬಿಟ್ಟರೋ, ಅದು ಅವರಿಬ್ಬರ ಕರಾರು. 14 ತಿಂಗಳಿಗೆ 58,800 ರೂ. ಆಯಿತು. ಕಾಯ್ದೆಯ 19ನೇ ಕಲಂ ಪ್ರಕಾರ ಈ ಬಾಕಿ ಆ ಮನೆಯ ಮೇಲೇ ಋಣವಾಗಿ ನಿಲ್ಲುತ್ತದೆ. ಹಾಗಾಗಿ ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ, ಇಮೇಲ್‌ನಲ್ಲಿ ನೋಟಿಸ್ ಕೊಡಿ. ತಿಂಗಳವಾರು ಲೆಕ್ಕ, ಬೈಲಾದಲ್ಲಿರುವ ಬಡ್ಡಿ, 30 ದಿನ ಗಡುವು. ಬೈಲಾದಲ್ಲಿಲ್ಲದ ಬಡ್ಡಿ ಹಾಕಬೇಡಿ, ಕೋರ್ಟಿನಲ್ಲಿ ಮೊದಲು ಬೀಳುವುದೇ ಅದು. ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಅಂತ ಇಟ್ಟುಕೊಳ್ಳಿ, ನೋಡೋಣ ನೋಡೋಣ ಅಂತ ದಾಟಿಸಬೇಡಿ. ಮಾರಾಟದ ಸಮಯದ ನೋ ಡ್ಯೂಸ್ (ಬಾಕಿ ಇಲ್ಲ) ಪತ್ರ ನಿಮ್ಮ ಕೈಯಲ್ಲಿರುವ ಇನ್ನೊಂದು ಹಿಡಿತ.

ನೀರು ನಿಲ್ಲಿಸುವ ಮಾತು ನಡಾವಳಿಯಲ್ಲಿ ಕೂಡ ಬರಬಾರದು. ನೀರು, ಕರೆಂಟ್ ಅಗತ್ಯ ಸೇವೆ. ಬಾಕಿ ಯಾರದೋ, ಬಾಯಾರುವುದು ಇನ್ಯಾರದೋ. ಬಾಡಿಗೆದಾರರು ದೂರು ಕೊಟ್ಟರೆ ಉತ್ತರ ಹೇಳಬೇಕಾದವರು ಸಹಿ ಹಾಕಿದ ಪದಾಧಿಕಾರಿಗಳು. ಜಿಮ್, ಕ್ಲಬ್‌ಹೌಸ್ ಬುಕಿಂಗ್ ನಿಲ್ಲಿಸಲು ಬೈಲಾದಲ್ಲಿ ಅವಕಾಶವಿದ್ದರೆ ಅದನ್ನು ಬಳಸಿ.

ಬಾಡಿಗೆದಾರರಿಗೆ ಒಂದು ಸಲಹೆ ತಲುಪಿಸಿ: ಮುಂದಿನ ತಿಂಗಳಿಂದ ಮೇಂಟೆನೆನ್ಸ್ ನೇರ ಸಂಘದ ಖಾತೆಗೆ ಕಟ್ಟಿ ಬಾಡಿಗೆಯಲ್ಲಿ ಕಳೆಯುತ್ತೇನೆ ಅಂತ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಲಿ. ಒಪ್ಪಿಗೆ ಇಲ್ಲದೆ ಕಳೆದರೆ ಬಾಡಿಗೆ ಬಾಕಿಯ ಆರೋಪ ಅವರ ಮೇಲೇ ಬರುತ್ತದೆ.

ಎ–702 ಮಾಲೀಕ

ಮಹಾರಾಷ್ಟ್ರದಲ್ಲಿ ಬಾಡಿಗೆಗೆ ಕೊಟ್ಟ ಮನೆಗೆ ಹೆಚ್ಚುವರಿ ಶುಲ್ಕ ಇದೆಯಲ್ಲ? ನಮಗೇಕೆ ಇಲ್ಲ? ಬಾಡಿಗೆ ಮನೆಗಳಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ, ಲಿಫ್ಟ್ ಹಾಳಾಗುತ್ತದೆ, ರಾತ್ರಿ ಗಲಾಟೆ. ಬ್ಯಾಚುಲರ್ ಬೇಡ ಅನ್ನುವುದರಲ್ಲಿ ತಪ್ಪೇನಿದೆ?

ವಕೀಲರು, ಮಲ್ಲೇಶ್ವರ

ಅಲ್ಲಿಯದು ಸಹಕಾರಿ ಹೌಸಿಂಗ್ ಸೊಸೈಟಿಗಳ ವ್ಯವಸ್ಥೆ, ಕಾನೂನೇ ಬೇರೆ. ಅಲ್ಲೂ 2001ರ ಸರ್ಕಾರಿ ಆದೇಶದಿಂದ ಅದಕ್ಕೆ ಮಿತಿ ಬಿತ್ತು: ಸೇವಾ ಶುಲ್ಕದ ಶೇ. 10ಕ್ಕಿಂತ ಹೆಚ್ಚಿಗೆ ಕೇಳುವಂತಿಲ್ಲ. ನಮ್ಮ 1972ರ ಕಾಯ್ದೆಯಲ್ಲಿ ಸಾಮಾನ್ಯ ಖರ್ಚು ಹಂಚಿಕೆಯಾಗುವುದು ಅವಿಭಾಜ್ಯ ಪಾಲಿನ (ಸಾಮಾನ್ಯ ಜಾಗದಲ್ಲಿ ಪ್ರತಿ ಮನೆಗಿರುವ ಪಾಲು) ಲೆಕ್ಕದಲ್ಲಿ. ಒಳಗೆ ಮಾಲೀಕರಿದ್ದಾರಾ, ಬಾಡಿಗೆದಾರರಿದ್ದಾರಾ ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. 1,000 ರೂ. ನಿರ್ಣಯವನ್ನು 41 ಮಾಲೀಕರಲ್ಲಿ ಒಬ್ಬರು ಪ್ರಶ್ನಿಸಿದರೂ ಸಮರ್ಥಿಸಿಕೊಳ್ಳುವುದು ಕಷ್ಟ.

ಬ್ಯಾಚುಲರ್ ನಿಷೇಧವೂ ಅಷ್ಟೇ. ಮನೆಯನ್ನು ವಾಸಕ್ಕೆ ಯಾರಿಗೆ ಕೊಡಬೇಕು ಅನ್ನುವುದು ಮಾಲೀಕರ ಹಕ್ಕು. ಮದುವೆ ಆಗಿದೆಯಾ, ಏನು ಊಟ ಮಾಡುತ್ತಾರೆ, ಯಾವ ಜಾತಿ ಅಂತ ಕೇಳುವ ಅಧಿಕಾರ ಸಂಘಕ್ಕಿಲ್ಲ. ಮನೆಯನ್ನು ಪಿಜಿ ಮಾಡಿದರೆ, ದಿನಬಾಡಿಗೆಗೆ ಬಿಟ್ಟರೆ ಮಾತು ಬೇರೆ. ಡಿಕ್ಲರೇಷನ್‌ನಲ್ಲಿ "ವಾಸದ ಉಪಯೋಗಕ್ಕೆ ಮಾತ್ರ" ಅಂತ ಇದ್ದೇ ಇರುತ್ತದೆ, ಅದರ ಮೇಲೆ ನೋಟಿಸ್ ಕೊಡಬಹುದು.

ಗಲಾಟೆಗೆ ನಿಯಮ ಮಾಡಿ, ಮನುಷ್ಯರಿಗಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಂತ 2000ರ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ. ಮೊದಲ ಸಲ ಸೆಕ್ಯುರಿಟಿ ಇಂಟರ್‌ಕಾಂನಲ್ಲಿ ಹೇಳಲಿ, ಎರಡನೇ ಸಲ ಮಾಲೀಕರಿಗೆ ಬರಹದಲ್ಲಿ ಹೋಗಲಿ, ಮೂರನೇ ಸಲ ಬೈಲಾದ ದಂಡ. ಮಾಲೀಕರೇ ಇರುವ ಮನೆಗೂ ಅದೇ ಏಣಿ, ಅದೇ ದಂಡ. ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಹಾಕಿದ ದಂಡ ನಿಲ್ಲುವುದಿಲ್ಲ. ಸಾಕುನಾಯಿ ವಿಷಯದಲ್ಲೂ ಹೀಗೇ. ಬಾಡಿಗೆದಾರರಿಗೆ ನಾಯಿ ಬೇಡ ಅನ್ನುವ ನಿಯಮ 2015ರ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಗೆ ವಿರುದ್ಧ.

ಬಾಡಿಗೆ ಮನೆಯವಳು

ಲಿಫ್ಟ್ ಹಾಳಾಗುತ್ತದೆ ಅನ್ನುವುದಕ್ಕೆ ಸುಲಭದ ಪರಿಹಾರ ಇದೆ. ಸಂಘದಿಂದ 6 ಎಂ.ಎಂ. ಪ್ಲೈವುಡ್ ಹಲಗೆ ಮೂರು, ಒಂದು ರಬ್ಬರ್ ಮ್ಯಾಟ್ ಇಟ್ಟುಕೊಳ್ಳಿ. ಸಾಮಾನು ಬರುವ ದಿನ ಒಂದೇ ಲಿಫ್ಟಿಗೆ ಒಳಗಿನಿಂದ ಕಟ್ಟಿ, ಬೆಳಿಗ್ಗೆ 10ರಿಂದ ಸಂಜೆ 5ರೊಳಗೆ ಮುಗಿಸಿ. ವಾಪಸ್ ಕೊಡುವ ಮುಂಗಡ ತೆಗೆದುಕೊಳ್ಳಿ, ಗೀರು ಬಿದ್ದರೆ ಅದರಲ್ಲಿ ಕಳೆಯಿರಿ. "ಮೂವ್-ಇನ್ ಚಾರ್ಜ್" ಅಂತ 5,000 ರೂ. ರಸೀದಿ ಇಲ್ಲದೆ ತೆಗೆದುಕೊಳ್ಳುವ ಪದ್ಧತಿ ಇದೆಯಲ್ಲ, ಅಲ್ಲಿಂದಲೇ ಬಾಡಿಗೆದಾರರಿಗೆ ಸಂಘದ ಮೇಲಿನ ನಂಬಿಕೆ ಹೋಗುವುದು.

ಇನ್ನೊಂದು: ಒಂದು ಹಾಳೆಯ ಹಸ್ತಾಂತರ ಪಟ್ಟಿ ಸಂಘವೇ ತಯಾರಿಸಿ ಕೊಡಲಿ. ಬೆಸ್ಕಾಂ ಮೀಟರ್ ರೀಡಿಂಗ್, ನೀರಿನ ಮೀಟರ್ ರೀಡಿಂಗ್, ಗೀಸರ್, ನಲ್ಲಿ, ಸಿಂಕ್, ವಾರ್ಡ್‌ರೋಬ್ ಕೀ, ಪಾರ್ಕಿಂಗ್ ಸಂಖ್ಯೆ, ಗೋಡೆಯ ಫೋಟೊ. ಬರುವಾಗ ಮತ್ತು ಹೋಗುವಾಗ ಇಬ್ಬರ ಸಹಿ. ಅಡ್ವಾನ್ಸ್ ಜಗಳಕ್ಕೆ ಸಂಘ ನ್ಯಾಯಾಧೀಶ ಆಗಬೇಕಿಲ್ಲ, ಆದರೆ ಈ ಹಾಳೆ ಇದ್ದರೆ ಜಗಳದ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. "ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ" ಅನ್ನುವುದು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಕಳೆಯಬೇಕು.

ಪಾರ್ಕಿಂಗ್ ಸಂಖ್ಯೆ ಯಾಕೆ ಬೇಕು ಅಂದರೆ, ಮನೆ ಒಬ್ಬರಿಗೆ, ಪಾರ್ಕಿಂಗ್ ಹೊರಗಿನವರಿಗೆ ಬಾಡಿಗೆಗೆ ಕೊಡುವ ಮಾಲೀಕರಿದ್ದಾರೆ. ಆಮೇಲೆ ವಿಸಿಟರ್ ಜಾಗದಲ್ಲಿ ಕಾರು ನಿಲ್ಲಿಸಿದರು ಅಂತ ಬೈಗುಳ ಬಾಡಿಗೆದಾರರಿಗೆ.

ಬಾಡಿಗೆದಾರರಿಗೆ ಮತ ಇಲ್ಲ, ಒಪ್ಪುತ್ತೇನೆ. ಆದರೆ 96ರಲ್ಲಿ 44 ಮನೆಗಳಲ್ಲಿ ದಿನಾ ಇರುವವರು ನಾವು. ನೀರು, ಲಿಫ್ಟ್, ಕಸದ ಬಗ್ಗೆ ಸಭೆಗೆ ಮುಂಚೆ ನಮಗೂ ಒಂದು ಪ್ರಶ್ನಾವಳಿ ಕಳಿಸಿ. ಹೊರದೇಶದಲ್ಲಿರುವ ಮಾಲೀಕರಿಗೆ ಎಸ್‌ಟಿಪಿ ವಾಸನೆ ಬರುವುದಿಲ್ಲ.

ಪ್ಲಂಬಿಂಗ್ ಕಂಟ್ರಾಕ್ಟರ್

503–403 ವಿಷಯ. ಟೈಲ್ಸ್ ಒಡೆಯುವ ಮುಂಚೆ ಸೋರಿಕೆ ಯಾವ ಜಾತಿಯದು ಅಂತ ಹುಡುಕಿ.

ಮೊದಲ ಹೆಜ್ಜೆ: 503ಕ್ಕೆ ಹೋಗುವ ಇನ್‌ಲೆಟ್ ವಾಲ್ವ್‌ಗಳನ್ನು ಬಂದ್ ಮಾಡಿ, ಒಳಗಿನವರಿಗೆ ಮುಂಚೆ ತಿಳಿಸಿ, ಬಕೆಟ್‌ನಲ್ಲಿ ನೀರು ತುಂಬಿಸಿಕೊಳ್ಳಲಿ. ಒಂದು ದಿನದಲ್ಲಿ ಕೆಳಗಿನ ಹನಿ ನಿಂತರೆ ಪ್ರೆಶರ್ ಲೈನ್ (ಒತ್ತಡದಲ್ಲಿ ನೀರು ತರುವ ಪೈಪ್) ಸೋರುತ್ತಿದೆ. ಗೋಡೆಯೊಳಗಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನ ಜಾಯಿಂಟೋ, ಗೀಸರ್ ಲೈನೋ, ಕೈಪಂಪ್ ಹಾಕಿ ಪ್ರೆಶರ್ ಟೆಸ್ಟ್ ಮಾಡಿದರೆ ಗೊತ್ತಾಗುತ್ತದೆ.

ನಿಲ್ಲದಿದ್ದರೆ ಎರಡನೇ ಹೆಜ್ಜೆ. ಬಾತ್‌ರೂಮ್ ಎರಡು ದಿನ ಒಣಗಿಸಿ. ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಬಾಯಿಗೆ ಬಿರಡೆ ಹಾಕಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಬಣ್ಣ ಬೆರೆಸಿ. 24 ಗಂಟೆಯಲ್ಲಿ ಕೆಳಗೆ ಬಣ್ಣ ಬಂದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ಬರದಿದ್ದರೆ ಬಿರಡೆ ತೆಗೆದು ನೀರು ಬಿಡಿ. ಆಗ ಬಂದರೆ ಟ್ರ್ಯಾಪಿನ ಜಾಯಿಂಟ್ ಅಥವಾ ಅದರಿಂದ ಶಾಫ್ಟ್‌ಗೆ (ಎಲ್ಲ ಮಹಡಿಯ ಪೈಪ್‌ಗಳು ಇಳಿಯುವ ಕಿಂಡಿ) ಹೋಗುವ ಪೈಪ್. ಕಮೋಡ್ ಬೇರೆಯಾಗಿ ನೋಡಿ: ಟ್ಯಾಂಕಿಗೆ ಬಣ್ಣ ಹಾಕಿ ಹತ್ತು ಸಲ ಫ್ಲಶ್ ಮಾಡಿ.

ಖರ್ಚು ಯಾರದು ಅನ್ನುವುದು ಈ ಫಲಿತಾಂಶದ ಮೇಲೇ ನಿಲ್ಲುತ್ತದೆ. ಮನೆಯೊಳಗಿನ ಪೈಪ್, ನೆಲ ಆದರೆ 503ರ ಮಾಲೀಕರದು. ಶಾಫ್ಟಿನ ಲಂಬ ಪೈಪ್ ಆದರೆ ಸಂಘದ್ದು. ಬಾಡಿಗೆದಾರರದು ಯಾವತ್ತೂ ಅಲ್ಲ, ಅವರೇ ಡ್ರಿಲ್ ಹೊಡೆದು ಪೈಪ್ ತೂತು ಮಾಡಿದ್ದರೆ ಹೊರತು. ಪರೀಕ್ಷೆಯನ್ನು ಎರಡೂ ಮನೆಯವರ ಎದುರಿಗೆ ಮಾಡಿ, ಸಮಯ ಬರೆದ ಫೋಟೊ ತೆಗೆದು ಹೊರದೇಶದ ಮಾಲೀಕರಿಗೆ ಕಳಿಸಿ. ನಂಬದೆ ಎಳೆದಾಡುವುದು ಅಲ್ಲಿಗೆ ಮುಗಿಯುತ್ತದೆ.

ಲೆಕ್ಕ ಪರಿಶೋಧಕಿ

ಸಿಂಕಿಂಗ್ ಫಂಡ್ ಸೇರಿಸುವಾಗ ಜಿಎಸ್‌ಟಿ ನೋಡಿಕೊಳ್ಳಿ. 4,200ಕ್ಕೆ 521 ಸೇರಿ 4,721, ತೊಂದರೆ ಇಲ್ಲ. ದೊಡ್ಡ ಮನೆಗಳಿಗೆ ಚದರಡಿ ಲೆಕ್ಕದಲ್ಲಿ ತಿಂಗಳಿಗೆ 7,500 ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿದ್ದರೆ ಶೇ. 18 ಬರುತ್ತದೆ. ಪೂರ್ತಿ ಮೊತ್ತಕ್ಕೆ ಅಂತ 2019ರ ಸುತ್ತೋಲೆ, 7,500 ಮೀರಿದ್ದಕ್ಕೆ ಮಾತ್ರ ಅಂತ 2021ರ ಮದ್ರಾಸ್ ಹೈಕೋರ್ಟ್ ತೀರ್ಪು. ಯಾವುದನ್ನು ಹಿಡಿಯುತ್ತೀರಿ ಅಂತ ನಿಮ್ಮ ಆಡಿಟರ್ ಜೊತೆ ಕೂತು ನಿರ್ಧರಿಸಿ, ನಡಾವಳಿಯಲ್ಲಿ ಬರೆಯಿರಿ. ಸಿಂಕಿಂಗ್ ಫಂಡ್‌ಗೆ ಬೇರೆ ಬ್ಯಾಂಕ್ ಖಾತೆ ಇರಲಿ. ಒಂದೇ ಖಾತೆಯಲ್ಲಿದ್ದರೆ ಡೀಸೆಲ್ ಬಿಲ್ಲಿಗೆ ಹೋಗಿಬಿಡುತ್ತದೆ.

ವಕೀಲರು, ಮಲ್ಲೇಶ್ವರ

ಭೋಗ್ಯದ ಮೂರು ಮನೆ ಬಗ್ಗೆ ಯಾರೂ ಹೇಳಲಿಲ್ಲ. ಲಕ್ಷಗಟ್ಟಲೆ ಕೊಟ್ಟು ಬಂದವರು ಅವರು. ಭೋಗ್ಯದ ಕರಾರುಗಳಲ್ಲಿ ಮೇಂಟೆನೆನ್ಸ್ ಯಾರು ಕೊಡಬೇಕು ಅನ್ನುವ ಸಾಲು ಎಷ್ಟೋ ಸಲ ಇರುವುದೇ ಇಲ್ಲ. ನೋಂದಣಿಯೂ ಆಗಿರುವುದಿಲ್ಲ. ಒಂದು ವರ್ಷ ಮೀರಿದ ಲೀಸ್ ಕರಾರಿಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಬಾಡಿಗೆಗೆ 11 ತಿಂಗಳು ಅಂತ ಬರೆಯುವುದು ಅದಕ್ಕೇ. ಮಾಲೀಕರು ಮನೆ ಸಾಲದ ಕಂತು ತಪ್ಪಿಸಿದರೆ ಬ್ಯಾಂಕ್ ಬಾಗಿಲಿಗೆ ಬರುತ್ತದೆ, ಭೋಗ್ಯದವರ ಹಣ ನಡುವೆ ಸಿಕ್ಕಿಕೊಳ್ಳುತ್ತದೆ. ಈ ಮೂರು ಮನೆಯ ಮಾಲೀಕರಿಂದ ಮೇಂಟೆನೆನ್ಸ್ ಹೊಣೆ ಯಾರದು ಅಂತ ಒಂದು ಪತ್ರ ಈಗಲೇ ತೆಗೆದುಕೊಳ್ಳಿ.

ಬಿ ಬ್ಲಾಕ್ ಕಾರ್ಯದರ್ಶಿ

ಎಲ್ಲರಿಗೂ ಧನ್ಯವಾದ. ಜಾಡಿ ಪರೀಕ್ಷೆ ಇವತ್ತು ಸಂಜೆ ಮಾಡಿದೆವು, ಕೆಸರು 90 ಎಂ.ಎಲ್.ಗೆ ನಿಂತಿತು, ಬಣ್ಣ ಕಪ್ಪು. 1,000 ರೂ. ಮತ್ತು ಬ್ಯಾಚುಲರ್ ನಿರ್ಣಯ ಕಾರ್ಯಸೂಚಿಯಿಂದ ತೆಗೆಯುತ್ತಿದ್ದೇವೆ. ಒಂದೇ ಪ್ರಶ್ನೆ ಉಳಿದಿದೆ: 403ರವರು ಸೀಲಿಂಗ್‌ಗೆ ಈಗಲೇ ಪುಟ್ಟಿ, ಪೇಂಟ್ ಮಾಡಿಸಿ ಅಂತಿದ್ದಾರೆ. ಎಷ್ಟು ದಿನ ಕಾಯಬೇಕು?

ಎಸ್‌ಟಿಪಿ ಕೆಲಸದವರು

90 ಮತ್ತು ಕಪ್ಪು ಅಂದರೆ ಬ್ಲೋವರ್ ಇವತ್ತು ರಾತ್ರಿಯಿಂದಲೇ 24 ಗಂಟೆ ಓಡಲಿ. ಚೆನ್ನಾಗಿ ಓಡುವ ಪಕ್ಕದ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಕೆಸರು ತಂದು ಬೀಜವಾಗಿ ಹಾಕಿ. ಎರಡು ಮೂರು ವಾರ ಬಿಟ್ಟು ಮತ್ತೆ ಜಾಡಿ ನೋಡಿ, ಆಮೇಲೆ ಕೊಟೇಶನ್ ಕೇಳಿ.

ಪ್ಲಂಬಿಂಗ್ ಕಂಟ್ರಾಕ್ಟರ್

ಸೋರಿಕೆ ನಿಂತ ಮೇಲೂ ಸ್ಲ್ಯಾಬ್ ಒಣಗಲು ಮೂರು ನಾಲ್ಕು ವಾರ ಬೇಕು. ದಿನ ಎಣಿಸಬೇಡಿ, ಪರೀಕ್ಷೆ ಮಾಡಿ: ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಲೆಯಾದ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ. ಬೆಳಿಗ್ಗೆ ಒಳಗಡೆ ಹನಿ ಕಟ್ಟಿದ್ದರೆ ಇನ್ನೂ ತೇವ ಇದೆ. ಎರಡು ರಾತ್ರಿ ಸತತ ಒಣಗಿದ್ದರೆ ಪುಟ್ಟಿಯವರನ್ನು ಕರೆಯಿರಿ.